ವೀಳ್ಯದೆಲೆ ಸಿದ್ದಮ್ಮನನ್ನು ಬರೆದವರು ಯಾರು?

೧೯೭೯ರಲ್ಲಿ ನಾನು ಕಡೂರಿನ ಒಂದು ವಾಚನಾಲಯದಲ್ಲಿ ಲೈಬ್ರೇರಿಯನ್ ಆಗಿದ್ದೆ. ಊರಿನ ಕೆಲವು ಹಿರಿಯರು ಕಮಿಟಿ ಮಾಡಿಕೊಂಡು ನಡೆಸುತ್ತಿದ್ದ ಸಣ್ಣ ಸಂಸ್ಥೆ ಅದು. ಹೆಂಚಿನ ಮನೆ, ಎರಡು ಕೋಣೆ, ಹನ್ನೊಂದು ಬೀರು, ಒಂದು ಉದ್ದನೆಯ ಮೇಜು. ಸಿಬ್ಬಂದಿ ಎಂದರೆ ನಾನೊಬ್ಬಳೇ. ಮೂವತ್ತೊಂದು ವರ್ಷ ಜನರಿಗೆ ಪುಸ್ತಕ ಕೊಟ್ಟು ಹಿಂದಕ್ಕೆ ಪಡೆದಿದ್ದೇನೆ. ಅದರಲ್ಲಿ ನಾನು ಹೆಮ್ಮೆಯಿಂದ ಹೇಳಿಕೊಳ್ಳುವ ಕೆಲಸ ಇದೊಂದು.

ಆಗ ನಮ್ಮಲ್ಲಿ ಒಂದು ಪತ್ತೇದಾರಿ ಮಾಲೆಗೆ ಭಾರೀ ಬೇಡಿಕೆಯಿತ್ತು. ಮಹಾರಾಜರ ಕಾಲದ ಕತೆಗಳು. ಅಜ್ಜಂಪುರದ ಸುತ್ತ ಮನೆಮನೆಗೆ ವೀಳ್ಯದೆಲೆ ಮಾರುವ ಸಿದ್ದಮ್ಮ ಎಂಬ ವಿಧವೆ ಅದರ ನಾಯಕಿ. ಓದುಬರಹ ಬಾರದವಳು. ಎಲೆ ಎಣಿಸಿಕೊಡುತ್ತಾ ಹೊಸ್ತಿಲಲ್ಲಿ ಕೂತು ಆ ಮನೆಯ ಮಾತು, ಮೌನ ಎರಡನ್ನೂ ಕೇಳಿಸಿಕೊಂಡು, ಪೊಲೀಸರಿಗೆ ಸಿಗದ ಕಳ್ಳನನ್ನು ಹಿಡಿಯುತ್ತಿದ್ದಳು. ಆರು ಪುಸ್ತಕ ಬಂದಿದ್ದವು. ತರೀಕೆರೆಯಿಂದ, ಅಜ್ಜಂಪುರದಿಂದ ರೈಲಿನಲ್ಲಿ ಬಂದು ಒಯ್ಯುವವರಿದ್ದರು. “ಸಿದ್ದಮ್ಮ ಬಂದವ್ಳಾ?” ಎಂದು ಕೇಳಿಕೊಂಡೇ ಒಳಗೆ ಕಾಲಿಡುತ್ತಿದ್ದರು.

ಪುಸ್ತಕದ ಮೇಲಿದ್ದ ಹೆಸರು ರೇವಣ್ಣ ಮೇಷ್ಟ್ರದ್ದು. ಮೂಲ ಸಿಂಗಟಗೆರೆಯವರು, ನಿವೃತ್ತರಾಗಿ ಮಗ ಸೊಸೆಯ ಜೊತೆ ಕಡೂರಿನಲ್ಲಿದ್ದರು. ನಮ್ಮೂರಿನಲ್ಲೇ ಇಂಥ ಲೇಖಕರಿರುವಾಗ ಸುಮ್ಮನಿರುವುದು ಹೇಗೆ ಎಂದು ಕಮಿಟಿ ಅವರಿಗೆ ಸನ್ಮಾನ ಮಾಡಲು ತೀರ್ಮಾನಿಸಿತು. ಮಾಲೆಯ ಪರಿಚಯ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ಆರೂ ಪುಸ್ತಕಗಳನ್ನು ಮತ್ತೆ ಮೊದಲಿಂದ ಓದಲು ಕೂತೆ.

ನಾಲ್ಕನೆಯ ಪುಸ್ತಕದಲ್ಲಿ ನನ್ನ ಓದು ತಟಕ್ಕನೆ ನಿಂತಿತು. ಶಿವನಿ ಬಳಿ ರೈಲು ಹಳಿ ಹಾಕುತ್ತಿದ್ದ ಕಾಲದ ಕತೆ ಅದು. ಕೂಲಿಗಳ ಕ್ಯಾಂಪಿಗೆ ಒಂಟಿ ಕೊಂಬಿನ ಎತ್ತೊಂದು, ಯಾರೂ ಹೊಡೆಯದಿದ್ದರೂ, ಬಾವಿಯಿಂದ ತಾನೇ ನೀರು ಹೊತ್ತು ತರುತ್ತಿತ್ತಂತೆ. ಕಳ್ಳ ಕದ್ದ ಸರವನ್ನು ಅದರ ನೀರಿನ ಚೀಲದಲ್ಲಿ ಅಡಗಿಸಿರುತ್ತಾನೆ. ಈ ಎತ್ತನ್ನು ಈ ಕತೆಯಲ್ಲಲ್ಲದೆ ಬೇರೆಲ್ಲೋ ಕಂಡಿದ್ದೇನೆ ಅನ್ನಿಸಿತು. ಎದ್ದು ಹೋಗಿ ರೆಫರೆನ್ಸ್ ಬೀರು ತೆಗೆದೆ. ರೆಫರೆನ್ಸ್ ಎಂದರೆ ಅಲ್ಲೇ ಕೂತು ನೋಡಬೇಕಾದ ಪುಸ್ತಕಗಳು, ಮನೆಗೆ ಕೊಡುವಂತಿಲ್ಲ. ಅಲ್ಲಿ ಸಂಸ್ಥಾನದ ಕಾಲದ ಒಂದು ಇಂಗ್ಲಿಷ್ ಗೆಜೆಟಿಯರ್, ಅಂದರೆ ಊರೂರಿನ ವಿವರವಿರುವ ಸರ್ಕಾರಿ ಪುಸ್ತಕ ಇತ್ತು. ಅದನ್ನು ದಾನ ಕೊಟ್ಟ ಹಳೇ ಅಮಲ್ದಾರರು ತಮ್ಮ ತಂದೆಯ ಬಾಯಲ್ಲಿ ಕೇಳಿದ್ದನ್ನೆಲ್ಲ ಪುಟಗಳ ಅಂಚಿನಲ್ಲಿ ಸಣ್ಣ ಪೆನ್ಸಿಲ್ ಅಕ್ಷರದಲ್ಲಿ ಗುರುತು ಹಾಕಿದ್ದರು. ಶಿವನಿಯ ಪುಟದ ಅಂಚಿನಲ್ಲಿ ಆ ಒಂಟಿ ಕೊಂಬಿನ ಎತ್ತು ನಿಂತಿತ್ತು. ಅಚ್ಚಾದ ಭಾಗದಲ್ಲಿ ಅದರ ಸುದ್ದಿಯೇ ಇಲ್ಲ. ಅಂದಮೇಲೆ ಆ ಕತೆ ಬರೆದವರು ನಮ್ಮ ವಾಚನಾಲಯದ ಇದೇ ಪ್ರತಿಯನ್ನು ಓದಿರಬೇಕು.

ಅದನ್ನು ಅಲ್ಲೇ ಕೂತು ಬಿಡಿಸಿ ನೋಡಿದವರನ್ನು ನಾನು ಕಂಡಿರಲಿಲ್ಲ. ಮನೆಗೆ ಒಯ್ದಿದ್ದವಳು ಒಬ್ಬಳೇ, ಮೇಷ್ಟ್ರ ಸೊಸೆ ಗಿರಿಜಾ. “ಹಗಲು ಇಲ್ಲಿ ಕೂತ್ಕೊಳೋಕೆ ಪುರಸೊತ್ತಾಗಲ್ಲ ಅಕ್ಕ, ಒಂದು ವಾರ ಕೊಡಿ” ಎಂದು ಬೇಡಿಕೊಂಡಿದ್ದಳು. ನಿಯಮ ಮುರಿದು ಕೊಟ್ಟಿದ್ದೆ. ಲೆಡ್ಜರಿನಲ್ಲಿ ಬರೆದೂ ಇದ್ದೆ.

ಮಾವನಿಗೆಂದು ಒಯ್ದಿರಬಹುದಲ್ಲ? ಮೊದಲು ನಾನೂ ಹಾಗೇ ಅಂದುಕೊಂಡೆ. ಆದರೆ ಆ ಹೊತ್ತಿಗಾಗಲೇ ಮೇಷ್ಟ್ರ ಕಣ್ಣು ಮಂಜಾಗಿತ್ತು. ನಮ್ಮಲ್ಲಿಗೆ ಬಂದರೆ ಪತ್ರಿಕೆಯ ದಪ್ಪಕ್ಷರವನ್ನೂ ಯಾರಾದರೂ ಓದಿ ಹೇಳಬೇಕಿತ್ತು. ಆ ಪೆನ್ಸಿಲ್ ಗೆರೆಗಳು ಅವರ ಕಣ್ಣಿಗೆ ಬೀಳುವ ಮಾತೇ ಇರಲಿಲ್ಲ.

ಸಂಶಯ ಇಟ್ಟುಕೊಂಡು ಪರಿಚಯ ಬರೆಯಲು ಕೈ ಬರಲಿಲ್ಲ. ಒಂದು ಮಧ್ಯಾಹ್ನ ಅವರ ಮನೆಗೆ ಹೋದೆ. ಗಿರಿಜಾ ಹಿತ್ತಲಲ್ಲಿ ಕೊಬ್ಬರಿ ಹರವುತ್ತಿದ್ದಳು.

“ಒಂಟಿ ಕೊಂಬಿನ ಎತ್ತು ನಿಂಗೆ ಎಲ್ಲಿ ಸಿಕ್ತಮ್ಮ?” ಎಂದೆ.

ಅವಳ ಕೈ ನಿಂತಿತು. ಬಾಗಿಲ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿದಳು. “ನಿಮ್ ಪುಸ್ತಕದಲ್ಲೇ ಅಕ್ಕ. ಯಾರ್ಗೂ ಹೇಳ್ಬೇಡಿ.” ಹೇಳುವುದಿಲ್ಲ ಎಂದು ಮಾತು ಕೊಟ್ಟೆ.

ಮೊದಲ ಕತೆಯನ್ನು ಅವಳು ತನ್ನ ಹೆಸರಿನಲ್ಲೇ ಕಳಿಸಿದ್ದಳಂತೆ. ಹೆಂಗಸರಿಗೆ ಸಂಸಾರದ ಕತೆ ಒಪ್ಪುತ್ತದೆ, ಅಂಥದ್ದಿದ್ದರೆ ಕಳಿಸಿ ಎಂದು ಪ್ರಕಾಶಕರು ವಾಪಸು ಮಾಡಿದರಂತೆ. ಅದನ್ನು ಕೇಳಿ ಸಿಟ್ಟಾದ ಮೇಷ್ಟ್ರೇ ತಮ್ಮ ರುಜು ಹಾಕಿ ಬೇರೆ ಕಡೆ ಕಳಿಸಿದರಂತೆ. ಅವರು ಮಾಡಿದ್ದು ಅವಳ ಒಳ್ಳೆಯದಕ್ಕೇ. ಆದರೆ ಪುಸ್ತಕ ಗೆದ್ದಿತು, ಬೀದಿಯಲ್ಲಿ ಜನ ನಿಂತು ನಮಸ್ಕಾರ ಮಾಡತೊಡಗಿದರು, ನಿಜ ಹೇಳುವ ದಿನ ಮುಂದೆ ಮುಂದೆ ಹೋಯಿತು.

“ಕಣ್ಣು ಹೋದ್ಮೇಲೆ ಅವ್ರು ಎದ್ದು ಓಡಾಡ್ತಿರೋದೇ ಆ ಹೆಸರಿನ ಬಲದ ಮೇಲೆ ಅಕ್ಕ. ಅದನ್ನ ಕಿತ್ಕೊಂಡ್ರೆ ನಾನು ಮನುಷ್ಯಳೇನು?”

“ಹಾಗಾದ್ರೆ ನಿಂಗೆ ಏನೂ ಬೇಡ್ವಾ?”

ಅವಳು ಕೊಬ್ಬರಿ ತಿರುವಿ ಹಾಕಿದಳು. “ಓದ್ದೋರು ಏನಂತಾರೆ ಅಂತ ಒಂದ್ಸಲ ನನ್ ಕಿವೀಲೇ ಕೇಳ್ಬೇಕು” ಎಂದಳು. ಆಮೇಲೆ, “ಏಳನೇದು ಅರ್ಧಕ್ಕೆ ನಿಲ್ಲಿಸಿದೀನಿ. ಬರೆಯೋಕೆ ಮನಸ್ಸೇ ಬರ್ತಿಲ್ಲ” ಎಂದಳು.

ಆ ಕೊನೆಯ ಮಾತು ನನ್ನನ್ನು ಚುಚ್ಚಿತು. ಲೆಡ್ಜರ್ ತೆಗೆದು ಕಮಿಟಿಯ ಮುಂದಿಟ್ಟರೆ ಎಲ್ಲ ಒಂದೇ ದಿನಕ್ಕೆ ಇತ್ಯರ್ಥವಾಗುತ್ತಿತ್ತು. ಆದರೆ ಯಾರು ಯಾವ ಪುಸ್ತಕ ಓದಿದರು ಎಂಬುದು ಓದಿದವರಿಗೂ ಲೈಬ್ರೇರಿಯನ್‌ಗೂ ನಡುವಿನ ಮಾತು. ಅದನ್ನು ಬೀದಿಗೆ ಹಾಕುವ ಹಕ್ಕು ನನಗಿರಲಿಲ್ಲ. ಅವಳಿಗೆ ಕೊಟ್ಟ ಮಾತನ್ನೂ ಉಳಿಸಿಕೊಳ್ಳಬೇಕಿತ್ತು. ಹೇಳುವುದಿದ್ದರೆ ಮೇಷ್ಟ್ರೇ ಹೇಳಬೇಕು.

ಮರುದಿನ ಅವರು ವಾಚನಾಲಯಕ್ಕೆ ಬಂದಾಗ ಪಕ್ಕದಲ್ಲಿ ಕೂತು ಹೇಳಿದೆ: “ಮೇಷ್ಟ್ರೇ, ಸಭೆಯಲ್ಲಿ ಭಾಷಣ ಬೇಡ ಅಂತ ಕಮಿಟಿಯನ್ನ ಒಪ್ಪಿಸಿದೀನಿ. ಓದುಗರು ಪ್ರಶ್ನೆ ಕೇಳ್ತಾರೆ. ಉತ್ತರ ಹೇಳೋರನ್ನ ಜೊತೆಗೆ ಕರ್ಕೊಂಡು ಬನ್ನಿ.”

ಅವರು ಕೋಲಿನ ತುದಿಯಿಂದ ನೆಲದ ಮೇಲೆ ಏನೋ ಗೀಚುತ್ತಿದ್ದರು. ಕೊನೆಗೆ “ಬತ್ತೀವಿ” ಎಂದಷ್ಟೇ ಹೇಳಿ ಎದ್ದರು. ‘ಬತ್ತೀನಿ’ ಅನ್ನಲಿಲ್ಲ.

ಸಭೆ ಒಂದು ಶನಿವಾರ ಮಧ್ಯಾಹ್ನ. ಕೋಣೆ ತುಂಬಿ ಜಗಲಿಯಲ್ಲೂ ಜನ ನಿಂತಿದ್ದರು. ಗಿರಿಜಾ ಮಾವನನ್ನು ಕೈಹಿಡಿದು ಕರೆತಂದು ಕುರ್ಚಿಯಲ್ಲಿ ಕೂರಿಸಿ, ತಾನು ಬಾಗಿಲ ಬಳಿಯ ಹೆಂಗಸರ ಗುಂಪಿಗೆ ಸರಿದಳು. ಹಾರ, ಶಾಲು ಆದಮೇಲೆ ಅಜ್ಜಂಪುರದಿಂದ ಬಂದಿದ್ದ ಶಾಲಾ ಶಿಕ್ಷಕಿ ಕಮಲಮ್ಮ ಮೊದಲು ಎದ್ದು ನಿಂತರು.

“ಮೂರನೇ ಪುಸ್ತಕದಲ್ಲಿ ಸಿದ್ದಮ್ಮಂಗೆ ಕಳ್ಳ ಯಾರು ಅಂತ ಗೊತ್ತಾಗಿರುತ್ತೆ. ಆದ್ರೂ ಎಂಟು ದಿನ ಬಾಯಿ ಬಿಡಲ್ಲ. ಯಾಕೆ ಸಾರ್? ನಾನು, ನಮ್ಮತ್ತೆ ಇಬ್ರೂ ತಲೆ ಕೆಡಿಸ್ಕೊಂಡಿದೀವಿ.”

ಎಲ್ಲರೂ ನಕ್ಕರು. ಮೇಷ್ಟ್ರು ನಗಲಿಲ್ಲ. ಬಾಗಿಲಿನ ಕಡೆ ಮುಖ ತಿರುಗಿಸಿ, “ಗಿರಿಜಾ, ಹೇಳಮ್ಮ” ಎಂದರು.

ಅವಳು ಸೆರಗಿನ ತುದಿ ಹಿಡಿದುಕೊಂಡು ನಿಧಾನವಾಗಿ ಬಾಯಿಬಿಟ್ಟಳು. “ಆ ಕಳ್ಳನ ಹೆಂಡ್ತಿ ಬಾಣಂತಿ. ಅವಳ ಮೈ ಒಂದಿಷ್ಟು ಗಟ್ಟಿಯಾಗ್ಲಿ ಅಂತ ಸಿದ್ದಮ್ಮ ಕಾಯ್ತಾಳೆ. ಅದನ್ನ ಬರೆದಿದ್ದೆ. ಪುಟ ಜಾಸ್ತಿ ಆಯ್ತು ಅಂತ ಪ್ರೆಸ್ಸಿನೋರು ತೆಗೆದ್ಬಿಟ್ರು.”

ಕಮಿಟಿಯ ಕಾರ್ಯದರ್ಶಿ ಹುಬ್ಬೇರಿಸಿದರು. “ಬರೆದಿದ್ದೆ ಅಂದ್ರೆ?”

ಮೇಷ್ಟ್ರು ಕೋಲೂರಿ ಎದ್ದು ನಿಂತರು. “ಬರೆದಿದ್ದೆ ಅಂದ್ರೆ ಬರೆದಿದ್ದೆ ಅಂತ ಕಣ್ರೀ. ಆರೂ ಪುಸ್ತಕ ಅವಳದ್ದೇ. ನಂದು ಬರೀ ರುಜು. ಮೊದಲ್ನೇ ದಿನವೇ ಹೇಳ್ಬೇಕಿತ್ತು, ಹೇಳ್ಲಿಲ್ಲ. ತಪ್ಪು ನಂದು.” ಕೊರಳಿನ ಹಾರ ತೆಗೆದು ಎರಡೂ ಕೈಯಲ್ಲಿ ಹಿಡಿದು, ಅವಳಿದ್ದ ದಿಕ್ಕಿಗೆ ಚಾಚಿ ನಿಂತರು. ಅವಳು ಬರಲಿಲ್ಲ. ಕಮಲಮ್ಮನೇ ಅವಳ ರಟ್ಟೆ ಹಿಡಿದು ಮುಂದಕ್ಕೆ ತಂದರು. ಆಮೇಲೆ ಚಪ್ಪಾಳೆ ನಿಲ್ಲಲು ಬಹಳ ಹೊತ್ತು ಹಿಡಿಯಿತು. ಅಂದು ಗಿರಿಜಾ ಎರಡು ಗಂಟೆ ಉತ್ತರ ಹೇಳಿದಳು.

ನನ್ನ ಪಾಲಿನ ವಿಚಾರಣೆ ಸೋಮವಾರ ಬಂತು. ಮೊದಲೇ ಗೊತ್ತಿತ್ತೇ ಎಂದು ಕಾರ್ಯದರ್ಶಿ ಕೇಳಿದರು. ಗೊತ್ತಿತ್ತು ಎಂದೆ. ಹೇಗೆ ಎಂದು ಕೇಳಿ, ಲೆಡ್ಜರ್ ತೋರಿಸಿ ಎಂದರು. ಲೆಡ್ಜರ್ ಕೊಡಲಿಲ್ಲ. ರೆಫರೆನ್ಸ್ ಪುಸ್ತಕ ಒಮ್ಮೆ ಹೊರಗೆ ಕೊಟ್ಟಿದ್ದೇನೆ, ಅದು ನನ್ನ ತಪ್ಪು ಎಂದು ಮಾತ್ರ ಒಪ್ಪಿಕೊಂಡೆ. ಅದಕ್ಕೊಂದು ಮೆಮೊ, ಅಂದರೆ ಬರಹದಲ್ಲಿ ಎಚ್ಚರಿಕೆ ಸಿಕ್ಕಿತು. ನನ್ನ ಸರ್ವಿಸಿನಲ್ಲಿ ಸಿಕ್ಕ ಮೆಮೊ ಅದೊಂದೇ. ಅದಕ್ಕೆ ನಾನು ನಾಚಿಕೊಂಡದ್ದಿಲ್ಲ.

ಏಳನೆಯ ಪುಸ್ತಕ ಮರುವರ್ಷ ಗಿರಿಜಾಳ ಹೆಸರಿನಲ್ಲೇ ಬಂತು. ಆ ವಾರ ನಾನು ಕ್ಯಾಟಲಾಗ್ ಡ್ರಾಯರ್ ತೆಗೆದೆ. ಪ್ರತಿ ಪುಸ್ತಕಕ್ಕೂ ಲೇಖಕರ ಹೆಸರಿನಲ್ಲಿ ಒಂದು ಕಾರ್ಡ್ ಇರುತ್ತದೆ. ಬೇರೆ ಹೆಸರಿನಲ್ಲಿ ಪ್ರಕಟವಾಗಿದ್ದು, ನಿಜವಾದ ಲೇಖಕರು ಯಾರೆಂದು ತಿಳಿದುಬಂದರೆ, ಕಾರ್ಡನ್ನು ಅವರ ಹೆಸರಿಗೆ ಬರೆದು, ಹಳೆಯ ಹೆಸರಿನಲ್ಲಿ ‘ಇಂಥವರನ್ನು ನೋಡಿ’ ಎಂದು ಇನ್ನೊಂದು ಕಾರ್ಡ್ ಇಡಬಹುದು. ಆರು ಕಾರ್ಡ್‌ಗಳನ್ನೂ ಹೊಸದಾಗಿ ನನ್ನ ಕೈಯಾರೆ ಬರೆದೆ.

ಮೇಷ್ಟ್ರು ಬಂದು, “ನನ್ ಹೆಸರಿಂದು ತೆಗೆದ್ಬಿಟ್ಯೇನಮ್ಮ?” ಎಂದರು.

“ಇಲ್ಲ ಮೇಷ್ಟ್ರೇ, ಇದೆ. ‘ರೇವಣ್ಣ: ಗಿರಿಜಾ ನೋಡಿ’ ಅಂತ ಬರೆದಿದೀನಿ.”

“ಇನ್ನೊಂದ್ಸಲ ಓದು” ಎಂದರು. ಓದಿದೆ. ಆ ಕಾರ್ಡನ್ನು ಕೈಗೆ ಇಸಿದುಕೊಂಡು ಬೆರಳಿನಿಂದ ಸವರಿ, “ಸರಿಯಾಗೈತೆ” ಎಂದು ಹಿಂದಕ್ಕೆ ಕೊಟ್ಟರು.

ಓದುಗರ ಗುಟ್ಟನ್ನು ಕಾಯಬೇಕು, ಬರೆದವರ ಹೆಸರನ್ನು ಮುಚ್ಚಿಡಬಾರದು. ಈ ಎರಡೂ ಒಂದಕ್ಕೊಂದು ಎದುರಾದಾಗ ಅವಸರಪಡದೆ, ಸಂಬಂಧಪಟ್ಟವರೇ ಮಾತಾಡುವಂತೆ ಒಂದು ಕುರ್ಚಿ ಹಾಕಿ ಕಾಯಬೇಕು. ಈ ವೃತ್ತಿ ನನಗೆ ಕಲಿಸಿದ್ದು ಇಷ್ಟು.