ಹಾಲಿನ ಕ್ಯಾನಿನಲ್ಲಿ ಹಿಮ್ಮೇಳ

ತೊಂಬತ್ತಾರನೇ ಇಸವಿಯ ನನ್ನ ದಿನಚರಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪ್ರತಿ ಪುಟದಲ್ಲೂ ಎರಡು ಲೆಕ್ಕಗಳಿವೆ. ಮೇಲೆ, ಮಸಿಯಲ್ಲಿ, ಡೈರಿಗೆ ಬಂದ ಹಾಲಿನ ಲೀಟರು. ಕೆಳಗೆ, ಪೆನ್ಸಿಲಿನಲ್ಲಿ, ನಾನು ಎಷ್ಟು ಸಲ ಹಾಡಿದೆ, ಎಷ್ಟು ಸಲ ತಪ್ಪಿದೆ ಎಂಬುದು.

ಆಗ ನನಗೆ ಇಪ್ಪತ್ತಮೂರು. ಕೆ.ಆರ್. ಪೇಟೆಯಿಂದ ನಾಗಮಂಗಲದ ಕಡೆಗೆ ಹೋಗುವ ರಸ್ತೆಯಲ್ಲಿ ಒಂದು ಊರು. ಅಲ್ಲಿನ ಡೈರಿಯಲ್ಲಿ ಹಾಲು ಅಳೆದು ಫ್ಯಾಟು ನೋಡುವ ಕೆಲಸ. ಡೈರಿಯ ಹಿಂದಿನ ಕೋಣೆಯೇ ಮನೆ. ಬೆಳಿಗ್ಗೆ ಎಂಟೂವರೆಗೆ ಹಾಲಿನ ಲಾರಿ ಹೊರಟುಹೋದರೆ ಸಂಜೆ ಐದರವರೆಗೆ ನನ್ನನ್ನು ಮಾತಾಡಿಸುವವರು ಯಾರೂ ಇರುತ್ತಿರಲಿಲ್ಲ. ಒಂದು ವಾರ ಎಣಿಸಿ ನೋಡಿದೆ. ಆ ಹೊತ್ತಿನಲ್ಲಿ ನಾನು ಇನ್ನೊಬ್ಬರಿಗೆ ಆಡಿದ ಮಾತು ಏಳು ದಿನಕ್ಕೆ ಹನ್ನೊಂದು. ಅದರಲ್ಲಿ ನಾಲ್ಕು, ಅಂಗಡಿಯವನಿಗೆ ‘ಒಂದು ಬೆಂಕಿಪೊಟ್ಟಣ’ ಎಂದದ್ದು.

ನಮ್ಮೂರು ಪಾಂಡವಪುರ ತಾಲ್ಲೂಕಿನ ಕ್ಯಾತನಹಳ್ಳಿ ಕಡೆ. ಅಲ್ಲಿನ ಶನಿವಾರದ ಭಜನೆಯಲ್ಲಿ ನಾನೂ ನನ್ನ ಗೆಳೆಯನೂ ಹತ್ತು ವರ್ಷ ಜೊತೆಯಲ್ಲಿ ಹಾಡಿದ್ದೆವು. ಅವನು ಮುಂದೆ ಹೇಳುವವನು, ನಾನು ಹಿಮ್ಮೇಳ. ಅವನು ಒಂದು ಸಾಲು ಹೇಳಿ ಬಿಟ್ಟರೆ ನಾನು ಅದನ್ನು ಎತ್ತಿಕೊಳ್ಳಬೇಕು. ಅವನ ಗಂಟಲು ಎಂಥದ್ದೆಂದರೆ ಗುಡಿಯಲ್ಲಿ ಮೈಕು ಕೆಟ್ಟ ದಿನ ಯಾರಿಗೂ ಗೊತ್ತೇ ಆಗುತ್ತಿರಲಿಲ್ಲ. ಒಂದೇ ದೋಷ. ಉಸಿರು ತಡವಾಗಿ ಎಳೆದುಕೊಂಡು, ಮುಂದಿನ ಸಾಲಿಗೆ ತಾಳಕ್ಕಿಂತ ಅರ್ಧ ಪೆಟ್ಟು ಹಿಂದೆ ಬರುತ್ತಿದ್ದ. ಆಗೆಲ್ಲ ನಾನು ನನ್ನ ಭಜನೆ ಪುಸ್ತಕದಲ್ಲಿ ಒಂದು ಗೀಟು ಎಳೆಯುತ್ತಿದ್ದೆ. ಯಾಕೆ ಎಂದು ಕೇಳಿದರೆ ಹೇಳಲಾರೆ. ಎಣಿಸುವುದು ನನಗೆ ಉಗುರು ಕಚ್ಚುವ ಚಾಳಿಯ ಹಾಗೆ.

ಡೈರಿ ಕೆಲಸ ಸಿಕ್ಕಿ, ಇನ್ನೂ ಊರು ಬಿಡುವ ಮುಂಚಿನ ಒಂದು ಶನಿವಾರ, ಪದ ಹುಡುಕಲು ಅವನು ನನ್ನ ಪುಸ್ತಕ ಎತ್ತಿಕೊಂಡ.

“ಇದೇನ್ಲಾ, ಮೂವತ್ನಾಕು ಗೀಟು?”

“ನೀನು ತಡ ಮಾಡಿದ್ದು.” ಸುಳ್ಳು ಹೇಳಬಹುದೆಂದು ನನಗೆ ಹೊಳೆಯಲೇ ಇಲ್ಲ.

“ಯಾವತ್ನಿಂದ?”

“ಯುಗಾದಿಯಿಂದ.”

ಅವನು ಪುಸ್ತಕವನ್ನು ನಿಧಾನವಾಗಿ ಮುಚ್ಚಿದ. “ನಾನು ದೇವ್ರ ಮುಂದೆ ಕಣ್ಮುಚ್ಕಂಡು ಪದ ಯೋಳ್ತಿದ್ರೆ ನೀನು ಪಕ್ದಲ್ಲಿ ಕೂತ್ಕಂಡು ಗೀಟು ಎಳಿತಿದ್ಯೇನ್ಲಾ? ಓಗ್ಲಾ, ಓಗು. ಎಮ್ಮೆ ಆಲ್ಗೆ ಫ್ಯಾಟು ನೋಡೋಗು. ನನ್ ಫ್ಯಾಟು ನೀನೇನೂ ನೋಡ್ಬೇಡ.”

ಮುಂದಿನ ಶನಿವಾರ ಅವನು ಬರಲಿಲ್ಲ. ಅದರ ಮುಂದಿನ ಶನಿವಾರ ನಾನು ಈ ಊರಿಗೆ ಬಂದಿದ್ದೆ. ಮೂರು ಕಾರ್ಡು ಬರೆದೆ, ಉತ್ತರ ಇಲ್ಲ. ನನಗೆ ಬೇಕಾಗಿದ್ದದ್ದು ಇಷ್ಟೆ: ಅವನು ಇನ್ನೊಂದು ಸಲ ಮುಂದೆ ಹೇಳಬೇಕು, ನಾನು ಹಿಂದೆ ಹೇಳಬೇಕು.

ಅದಕ್ಕೊಂದು ಯಂತ್ರ ಸಿಕ್ಕಿದ್ದು ಮೈಸೂರಿನಲ್ಲಿ, ಆರ್ಕೆಸ್ಟ್ರಾ ಮುಚ್ಚಿದವರೊಬ್ಬರ ಮನೆಯಲ್ಲಿ. ಸಾಧಾರಣ ಕ್ಯಾಸೆಟ್ಟೇ ಹಾಕುವ, ಆದರೆ ಒಂದರ ಪಕ್ಕ ಒಂದು ನಾಲ್ಕು ದನಿಗಳನ್ನು ಬೇರೆಬೇರೆಯಾಗಿ ಹಿಡಿಯುವ ರೆಕಾರ್ಡರು. ಮೊದಲು ಒಂದು ಟ್ರ್ಯಾಕಿನಲ್ಲಿ ಹಾಡಿ, ಅದನ್ನು ಹೆಡ್‌ಫೋನಿನಲ್ಲಿ ಕೇಳುತ್ತ ಇನ್ನೊಂದರಲ್ಲಿ ಹಾಡಬಹುದು. ಜೊತೆಗೆ ಒಂದು ಎಕೋ ಪೆಟ್ಟಿಗೆ ಕೊಟ್ಟರು. ಪೆಟ್ಟಿಗೆ ಒಂದೇ ಆದ್ದರಿಂದ ಒಂದೊಂದು ಟ್ರ್ಯಾಕಿಗೆ ಒಂದೊಂದು ಬಗೆಯ ಎಕೋ ಬೇಕಿದ್ದರೆ ಹಾಡುವಾಗಲೇ ಹಾಕಿಬಿಡಬೇಕು. ಆಮೇಲೆ ತೆಗೆಯಲು ಬರುವುದಿಲ್ಲ.

ಗೆಳೆಯ ತಾನೇ ಕಟ್ಟಿದ ಒಂದು ಪದವಿತ್ತು, ತೊಣ್ಣೂರು ಕೆರೆಯ ಏರಿಯನ್ನು ಕುರಿತು. ಐದು ಚರಣ. ಅದನ್ನೇ ಆರಿಸಿಕೊಂಡೆ. ಒಂದನೇ ಟ್ರ್ಯಾಕು ಅವನಿಗೆಂದು ಖಾಲಿ ಬಿಟ್ಟೆ. ಉಳಿದ ಮೂರರಲ್ಲಿ ಹಿಮ್ಮೇಳ, ಮೂರೂ ನಾನೇ.

ಆದರೆ ಒಬ್ಬನೇ ಮೂರು ಸಲ ಹಾಡಿದರೆ ಅದು ಮೂವರಾಗುವುದಿಲ್ಲ, ಒಬ್ಬನೇ ದಪ್ಪಗಾದ ಹಾಗೆ ಕೇಳುತ್ತದೆ. ಇದು ಜೂನ್ ತಿಂಗಳ ಪೂರ್ತಿ ಪಾಠ. ಒಬ್ಬೊಬ್ಬನನ್ನೂ ಬೇರೆ ಮಾಡಬೇಕಿತ್ತು. ಎರಡನೇ ಟ್ರ್ಯಾಕಿಗೆ ಎಕೋವನ್ನು ತೀರ ಚಿಕ್ಕದಾಗಿ ಇಟ್ಟೆ. ಗುಡಿಯ ಕಲ್ಲುಗೋಡೆಗೆ ಒರಗಿ ಕೂತವನಂತೆ ಕೇಳಿತು. ಮೂರನೆಯದಕ್ಕೆ ಟೇಪಿನ ವೇಗವನ್ನು ಸ್ವಲ್ಪ ಇಳಿಸಿಕೊಂಡು ಹಾಡಿದೆ. ಮತ್ತೆ ಮಾಮೂಲಿ ವೇಗಕ್ಕೆ ತಂದಾಗ ದನಿ ಎಳೆಯದಾಯಿತು, ಮೀಸೆ ಬಾರದ ಹುಡುಗನ ಹಾಗೆ. ನಾಲ್ಕನೆಯದಕ್ಕೆ ಪೆಟ್ಟಿಗೆಯ ಯಾವ ಎಕೋವೂ ಒಗ್ಗಲಿಲ್ಲ. ಮೂಲೆಯಲ್ಲಿ ನಲವತ್ತು ಲೀಟರಿನ ಒಂದು ಜಜ್ಜಿದ ಹಾಲಿನ ಕ್ಯಾನು ಬಿದ್ದಿತ್ತು. ಮೈಕನ್ನು ದಾರದಲ್ಲಿ ಕಟ್ಟಿ ಅದರೊಳಗೆ ಇಳಿಬಿಟ್ಟು, ಕ್ಯಾನಿನ ಬಾಯಿಗೆ ಬಾಯಿ ಕೊಟ್ಟು ಹಾಡಿದೆ. ಹುಳಿ ಹಾಲಿನ ವಾಸನೆ ಮೂಗಿಗೆ ಹೊಡೆಯಿತು. ಆದರೆ ಕೇಳಿದರೆ, ಗುಡಿಯ ಹೊರಗೆ ಚಪ್ಪಲಿ ಕಾಯುತ್ತ ನಿಂತ ಯಾರೋ ಹಿರಿಯರು ಅಲ್ಲಿಂದಲೇ ದನಿಗೂಡಿಸಿದಂತಿತ್ತು.

ದಿನಚರಿಯ ಲೆಕ್ಕ: ಎರಡನೇ ಟ್ರ್ಯಾಕು ಹತ್ತೊಂಬತ್ತು ಸಲ, ಮೂರನೆಯದು ಇಪ್ಪತ್ತಾರು, ನಾಲ್ಕನೆಯದು ಐವತ್ತೆರಡು. ತಪ್ಪುಗಳಿಗೆಲ್ಲ ಗೀಟು ಎಳೆದಿದ್ದೇನೆ.

ಮೂರೂ ಮುಗಿದ ದಿನ ಮಧ್ಯಾಹ್ನ ಹೆಡ್‌ಫೋನು ತೆಗೆದು, ಸ್ಪೀಕರಿನಲ್ಲಿ ಹಾಕಿ ಕೇಳುತ್ತಿದ್ದೆ. ಬಾಗಿಲು ತಟ್ಟಿದ ಸದ್ದಾಯಿತು. ಪಕ್ಕದ ಮನೆಯ ಅಜ್ಜಿ. ದಿನಾ ಎರಡು ಹೊತ್ತು ಡೈರಿಗೆ ಹಾಲು ಹಾಕುವವಳು. ಕೈಯಲ್ಲಿ ಮಜ್ಜಿಗೆಯ ಚೊಂಬು, ನಾಲ್ಕು ಲೋಟ.

“ಭಜನೆಯೋರ್ನ ಕರ್ಸಿದ್ದೀಯೇನಪ್ಪ? ಬಿಸ್ಲಲ್ಲಿ ಬಂದವ್ರೆ, ಕುಡೀಲಿ ತಕ.”

ನಾನು ಬಾಗಿಲಿಗೆ ಅಡ್ಡ ನಿಂತೆ. ಒಳಗೆ ಕ್ಯಾಸೆಟ್ಟು ಹಾಡುತ್ತಲೇ ಇತ್ತು.

“ಪದ ಸೊಂಪಾಗದೆ ಕಣಪ್ಪ. ಆದ್ರೆ ಮುಂದೆ ಯೋಳೋನ ದನಿಯೇ ಕೇಳ್ಸಾಕಿಲ್ವಲ್ಲ? ಬಾಯ್ತುಂಬ ಎಲೆಅಡಕೆ ಮಡೀಕಂಡವ್ನಾ?”

“ಅವ್ನು ಇನ್ನೂ ಬಂದಿಲ್ಲ, ಅಜ್ಜಿ.”

“ಬರ್ಲಿ ಬುಡು” ಎಂದು ಚೊಂಬು ಇಟ್ಟು ಹೋದಳು. ನಾನು ಮಜ್ಜಿಗೆಯನ್ನು ನಾಲ್ಕೂ ಲೋಟಕ್ಕೆ ಬಗ್ಗಿಸಿ, ನಾಲ್ಕನ್ನೂ ಕುಡಿದು, ತೊಳೆದು ವಾಪಸ್ಸು ಕೊಟ್ಟೆ. ಒಂದೇ ಲೋಟ ಒದ್ದೆಯಾಗಿದ್ದರೆ ಅಜ್ಜಿಗೆ ಗೊತ್ತಾಗಿಬಿಡುತ್ತಿತ್ತು.

ನಾಲ್ಕು ಟ್ರ್ಯಾಕಿನ ಕ್ಯಾಸೆಟ್ಟು ಮಾಮೂಲಿ ಟೇಪ್‌ರೆಕಾರ್ಡರಿನಲ್ಲಿ ಸರಿಯಾಗಿ ಕೇಳಿಸದು. ಅದು ಎರಡರಷ್ಟು ವೇಗದಲ್ಲಿ ಓಡುತ್ತದೆ, ಎರಡೂ ಮಗ್ಗುಲನ್ನು ಒಂದೇ ಸಲಕ್ಕೆ ಬಳಸುತ್ತದೆ. ಆದ್ದರಿಂದ ಮೂರು ದನಿಯನ್ನೂ ಸೇರಿಸಿ ಬೇರೊಂದು ಕ್ಯಾಸೆಟ್ಟಿಗೆ ಇಳಿಸಿದೆ. ‘ಖಾಲಿ ಇರುವ ಕಡೆಯೆಲ್ಲ ನೀನು ಹೇಳಬೇಕಾದ ಸಾಲು’ ಎಂದು ಚೀಟಿ ಬರೆದಿಟ್ಟು, ಪಾಂಡವಪುರದ ಬಸ್ಸಿನ ಕಂಡಕ್ಟರ ಕೈಗೆ ಕೊಟ್ಟೆ. ಯಾವ ನಂಬರಿನ ಕ್ಯಾಸೆಟ್ಟು ಹೋಯಿತು ಎಂದು ದಿನಚರಿಯಲ್ಲಿ ಬರೆದುಕೊಂಡೆ. ಆದರೆ ನಾನು ನಂಬರು ಹಾಕಿದ್ದು ಡಬ್ಬಿಗಳ ಮೇಲೆ. ಒಳಗಿನ ಕ್ಯಾಸೆಟ್ಟುಗಳು ಅದಲುಬದಲಾಗಿ, ಹೋದದ್ದು ನಾಲ್ಕು ಟ್ರ್ಯಾಕಿನದೇ. ಅದು ತಿಳಿದದ್ದು ಹನ್ನೆರಡು ದಿನದ ಮೇಲೆ, ಡೈರಿ ಮುಂದೆ ಒಂದು ಟ್ರಾಕ್ಟರು ಬಂದು ನಿಂತಾಗ.

ಗೆಳೆಯ ಎಂಜಿನ್ನು ಆರಿಸದೆಯೇ ಕೆಳಗಿಳಿದ. ಕೈಯಲ್ಲಿ ನನ್ನ ಕ್ಯಾಸೆಟ್ಟು, ಅದರ ಮೇಲೆ ಕುಂಕುಮ.

“ಏನ್ಲಾ, ನಮ್ಮನೆಗೆ ಮಾಟ ಮಾಡ್ಸಿ ಕಳ್ಸಿದ್ದೀಯಾ? ಈ ಮಗ್ಲು ಹಾಕುದ್ರೆ ಯಾವನೋ ಸಾಯೋನು ನರಳ್ದಂಗೆ ನರಳ್ತಾನೆ. ಆ ಮಗ್ಲು ಹಾಕುದ್ರೆ ಇಬ್ರು ಇಂದುಮುಂದಾಗಿ ಬೈಕತಾವ್ರೆ. ನಮ್ಮವ್ವ ನಿಂಬೆಹಣ್ಣು ನೀವಾಳ್ಸಿ, ‘ಇದ್ನ ಯಾರು ಕಳ್ಸುದ್ರೋ ಅವ್ರ್ ಮನೆ ಬಾಗ್ಲಿಗೇ ಬುಟ್ಟು ಬಾ’ ಅಂದವ್ಳೆ.”

ನನಗೆ ನಗು ಬಂತು. ಅವನಿಗೂ. ಹದಿನಾಲ್ಕು ತಿಂಗಳ ಮೇಲೆ.

“ಗಾಡಿ ಆಫ್ ಮಾಡ್ಲಾ, ಒಳಕ್ಕೆ ಬಾ.”

“ಸೆಲ್ಫು ಕೆಟ್ಟದೆ ಕಣ್ಲಾ. ಆಫ್ ಮಾಡುದ್ರೆ ತಳ್ಳಾಕೆ ನಾಕು ಜನ ಬೇಕು. ಪಕ್ಕದೂರಲ್ಲಿ ಬಿತ್ನೆ ಕಬ್ಬು ತುಂಬಾಕೆ ಬಂದಿವ್ನಿ, ಅಲ್ಲಿ ಆಳು ಕಾಯ್ತಾವ್ರೆ.”

ಕಾಲುಗಂಟೆ ಕೂತ. ಅದೇ ಕ್ಯಾಸೆಟ್ಟನ್ನು ನನ್ನ ಯಂತ್ರಕ್ಕೆ ಹಾಕಿ, ಹೆಡ್‌ಫೋನಿನಲ್ಲಿ ಕೇಳಿಸಿದೆ. ಅವನ ಮುಖದ ನಗು ಮೆಲ್ಲಗೆ ಇಳಿಯಿತು.

“ಯಾರ್ಲಾ ಇವ್ರು?”

“ನಾನೇ.”

“ಮೂರೂ?”

“ಮೂರೂ.”

ಅವನು ಕೋಣೆಯನ್ನು ಒಂದು ಸುತ್ತು ನೋಡಿದ. ಚಾಪೆ, ಸ್ಟವ್ವು, ಜಜ್ಜಿದ ಕ್ಯಾನು. ಆಮೇಲೆ ಮೇಜಿನ ಮೇಲಿದ್ದ ದಿನಚರಿಯನ್ನು ಎಳೆದುಕೊಂಡ. ಪೆನ್ಸಿಲಿನ ಗೀಟುಗಳ ಮೇಲೆ ಬೆರಳಾಡಿಸುತ್ತ ಪುಟ ತಿರುವಿದ.

“ಇದ್ಯಾರ ತಪ್ಪು?”

“ನಂದೇ.”

“ಥೂ, ನಿನ್ನ! ನಿನ್ನೂ ಬುಟ್ಟಿಲ್ವಲ್ಲೋ ನೀನು” ಎಂದ. ದಿನಚರಿ ಮುಚ್ಚಿಟ್ಟು, “ಒಂದು ಚರಣ ಯೋಳ್ತೀನಿ. ಕಬ್ಬಿಗೆ ಓಗ್ಬೇಕು” ಎಂದು ಎದ್ದು ನಿಂತ.

ನನ್ನ ಬಳಿ ಇದ್ದದ್ದು ಒಂದೇ ಹೆಡ್‌ಫೋನು. ಅದು ಅವನ ಕಿವಿಯಲ್ಲಿತ್ತು. ಎಕೋ ಪೆಟ್ಟಿಗೆಯ ತಂತಿಯನ್ನು ಕಿತ್ತಿಟ್ಟು, ಒಂದನೇ ಟ್ರ್ಯಾಕಿನ ಗುಂಡಿ ಒತ್ತಿದೆ. ಅವನು ಕಣ್ಣು ಮುಚ್ಚಿ ಮೊದಲ ಸಾಲು ಹೇಳಿ ಬಿಟ್ಟ. ಅದನ್ನು ಎತ್ತಿಕೊಳ್ಳಲು ನನ್ನ ಬಾಯಿ ತಾನಾಗಿ ತೆರೆಯಿತು. ಮೈಕಿಗೆ ಬೀಳುತ್ತದೆಂದು ಮುಚ್ಚಿಕೊಂಡೆ. ಅವನ ಕಿವಿಯಲ್ಲಿ ಮೂವರು ನಾನು ಹಾಡುತ್ತಿದ್ದೆವು. ಕೋಣೆಯಲ್ಲಿ ಮಾತ್ರ, ಅವನು ಬಿಟ್ಟ ಸಾಲಿನ ಹಿಂದೆ ಟ್ರಾಕ್ಟರಿನ ಸದ್ದು ಬಿಟ್ಟರೆ ಏನೂ ಇರಲಿಲ್ಲ. ಎರಡನೇ ಸಾಲಿಗೆ ಅರ್ಧ ಪೆಟ್ಟು ತಡವಾಗಿ ಬಂದ. ಪೆನ್ಸಿಲು ಕೈಗೆಟುಕುವಲ್ಲೇ ಇತ್ತು. ಮುಟ್ಟಲಿಲ್ಲ.

“ಮಿಕ್ಕಿದ್ದು?” ಎಂದೆ.

“ಬರ್ತೀನಿ ಬುಡ್ಲಾ, ನಾಟಿ ಮುಗೀಲಿ.”

ನಾಟಿ ಮುಗಿಯಿತು, ಅವನು ಬರಲಿಲ್ಲ. ಜಗಳವೇನೂ ಉಳಿದಿರಲಿಲ್ಲ. ಊರಿಗೆ ಹೋದಾಗ ನಗುತ್ತಲೇ ಮಾತಾಡಿಸಿದ, ಅಷ್ಟೆ. ಕ್ಯಾಸೆಟ್ಟಿನಲ್ಲಿ ಇಂದಿಗೂ ಮೊದಲ ಚರಣಕ್ಕೆ ಅವನಿದ್ದಾನೆ. ಎರಡನೆಯದರಿಂದ ಐದನೆಯದರವರೆಗೆ ಯಾರೂ ಹೇಳದ ಸಾಲುಗಳನ್ನು ಮೂವರು ಎತ್ತಿಕೊಳ್ಳುತ್ತಾರೆ. ಒಂದು ಸಲ ಅವನ ಟ್ರ್ಯಾಕಿಗೂ ಸ್ವಲ್ಪ ಎಕೋ ತಿರುಗಿಸಿ ನೋಡಿದೆ. ಅವನು ದೂರ ಹೋಗಿಬಿಟ್ಟ. ಗುಂಡಿಯನ್ನು ಸೊನ್ನೆಗೆ ತಂದು ಹಾಗೆಯೇ ಬಿಟ್ಟೆ.

ಅವನು ಬಂದುಹೋದ ದಿನ ಸಂಜೆ ಐದಕ್ಕೆ ಡೈರಿ ಬಾಗಿಲು ತೆಗೆದೆ. ಸಾಲಿನಲ್ಲಿ ಅಜ್ಜಿಯೇ ಮೊದಲು. ಹಾಲು ಅಳತೆಗೆ ಸುರಿಯುತ್ತ ಹೇಳಿದಳು:

“ಮುಂದೆ ಯೋಳೋನು ಬಂದಿದ್ದ ಅಂತ ಕಾಣ್ತದೆ. ಎಂಥಾ ಗಂಟ್ಲಪ್ಪ ಅವಂದು! ಆದ್ರೆ ಒಬ್ನೇ ಯೋಳ್ತಿದ್ದ. ಇಂದೆ ಯೋಳೋರೆಲ್ಲ ಎಲ್ಲೋದ್ರಪ್ಪ?”

“ಊರಿಗೆ ಹೋದ್ರು ಅಜ್ಜಿ” ಎಂದು, ಅವಳ ಹೆಸರಿನ ಮುಂದೆ ಲೀಟರು ಬರೆದೆ.