ಹತ್ತಿ ಹಿಂಜುವ ಯಂತ್ರಕ್ಕೆ ಕೊಟ್ಟ ಸಂದರ್ಶನ

ಸರ್ಕಾರದ ಸಹಾಯಧನ ಬೇಕಾದವರು ಮೊದಲು ಏಜೆಂಟನ ಕಣ್ಣು ತಪ್ಪಿಸಬೇಕು. ರೇಷನ್ ಕಾರ್ಡ್ ತಿದ್ದಿಸಲು ಕುಷ್ಟಗಿಯ ತಾಲ್ಲೂಕು ಕಚೇರಿಗೆ ಹೋದವಳು, ಅಲ್ಪಸಂಖ್ಯಾತರಿಗೆ ಸ್ವಂತ ಉದ್ಯೋಗಕ್ಕೆ ಸಹಾಯಧನ ಎಂದು ಗೋಡೆಗೆ ಅಂಟಿಸಿದ್ದನ್ನು ಓದುತ್ತಿದ್ದೆ. ಬೆನ್ನ ಹಿಂದೆ ಒಬ್ಬ ಬಂದು ನಿಂತ.

“ಎಲ್ಲಾ ನಾ ನೋಡ್ಕೊಂತೀನಿ ಅಕ್ಕಾರ, ನೀವು ಮನ್ಯಾಗ ಕುಂದರ್ರಿ.”

“ಮನ್ಯಾಗ ಕುಂತ್ರ ಹೊಟ್ಟಿ ತುಂಬೂದಾಗಿದ್ರ ಇಲ್ಲಿಗ್ಯಾಕ ಬರ್ತಿದ್ದೆ?” ಎಂದು ಸಾಗಹಾಕಿದೆ.

ಸೇವಾ ಕೇಂದ್ರದಲ್ಲಿ ಕೂತು ನಾನೇ ಅರ್ಜಿ ಹಾಕಿಸಿದೆ. ಕೊಟೇಷನ್ ತರಲು ಒಂದೇ ಅಂಗಡಿಗೆ ಹೋಗಬೇಡಿ. ಗಂಗಾವತಿಯವನ ದರವನ್ನು ಕೊಪ್ಪಳದವನ ಮುಂದೆ ಹೇಳಿ, ತಾನಾಗಿ ಇಳಿಯುತ್ತಾನೆ.

ನನಗೆ ಬೇಕಿದ್ದದ್ದು ಹತ್ತಿ ಹಿಂಜುವ ಯಂತ್ರ. ನಾವು ಪಿಂಜಾರರು, ಹತ್ತಿ ಹಿಂಜುವ ಮುಸಲ್ಮಾನರು. ಅಪ್ಪ ಹಿಂಜುವ ಬಿಲ್ಲು ಹೊತ್ತು ಯಲಬುರ್ಗಾದ ಹಳ್ಳಿಗಳಲ್ಲಿ ಗಾದಿ ತುಂಬುತ್ತಿದ್ದ. ನಾನು ಅಂಗಡಿ ಇಟ್ಟು ಗಾದಿ ಹೊಲಿಯುತ್ತೇನೆ, ಆದರೆ ಹತ್ತಿ ಹಿಂಜಿಸಲು ಇನ್ನೊಬ್ಬರ ಯಂತ್ರದ ಮುಂದೆ ಕಾಯಬೇಕಿತ್ತು. ಮದುವೆಯ ಕಾಲದಲ್ಲಿ ಅವರು ನನ್ನ ಹತ್ತಿಯನ್ನು ಮುಟ್ಟುವಷ್ಟರಲ್ಲಿ ಗಿರಾಕಿ ಫೋಮ್ ಹಾಸಿಗೆ ಒಯ್ದಿರುತ್ತಿದ್ದ. ಈ ಸಲ ಯಂತ್ರ ಸಿಗದಿದ್ದರೆ ಅಂಗಡಿ ಮುಚ್ಚುವುದು ಎಂದು ಮನೆಯಲ್ಲಿ ಮಾತಾಗಿತ್ತು.

ಕೊಪ್ಪಳದಲ್ಲಿ ಸಂದರ್ಶನ. ಅಧಿಕಾರಿಯ ಪಕ್ಕದಲ್ಲಿ ಸಮಿತಿಯ ಹಿರಿಯರೊಬ್ಬರು, ನಮ್ಮ ಧರ್ಮದವರೇ, ಕೂತಿದ್ದರು. ಉರ್ದುವಿನಲ್ಲಿ ಏನೋ ಕೇಳಿದರು. ಅರ್ಧ ತಿಳಿಯಿತು. ಕನ್ನಡದಲ್ಲಿ ಉತ್ತರ ಕೊಟ್ಟೆ.

“ಮನ್ಯಾಗ ಯಾವ ಮಾತಾಡ್ತೀರಿ?”

“ಕನ್ನಡಾರಿ.”

“ಉರ್ದು ಬರಂಗಿಲ್ಲ, ಹೆಸರೂ ಹಿಂದೂಗಳಂಗ ಐತಿ. ಯಾವ ಸೀಮಿ ಮುಸಲ್ಮಾನರವ್ವಾ ನೀವು? ಇದು ನಮ್ಮ ಮಂದಿಗೆ ಇಟ್ಟದ್ದು.”

ಪಿಂಜಾರರಿಗೆ ಈ ಮಾತು ಹೊಸದಲ್ಲ. ಹಿಂದೂಗಳ ಓಣಿಯಲ್ಲಿ ನಾವು ಸಾಬರು, ಸಾಬರ ಓಣಿಯಲ್ಲಿ ನಾವು ಕನ್ನಡದವರು. ಎರಡೂ ಓಣಿಯವರು ಮಲಗುವುದು ನಾವು ತುಂಬಿದ ಗಾದಿಯ ಮೇಲೆ.

“ಅಜ್ಜಾರ, ರೋಜಾ ಇಡ್ತೀನಿ, ನಮಾಜ್ ಮಾಡ್ತೀನಿ. ಅಲ್ಲಾನ ಮುಂದೂ ಕನ್ನಡದಾಗ ಅತ್ತೀನಿ, ಅಂವ ಒಮ್ಮೆನೂ ತಿಳೀಲಿಲ್ಲ ಅಂದಿಲ್ಲ. ಉರ್ದು ಬರಂಗಿಲ್ಲಂತ ಅರ್ಜಿ ತಳ್ಳೂದಾದ್ರ ತಳ್ರಿ. ಅದನ್ನ ಕಾರಣ ಅಂತ ಹಾಳಿ ಮ್ಯಾಲ ಬರದು, ಸಹಿ ಹಾಕಿ ಕೊಡ್ರಿ. ತಗೊಂಡು ಹೋಗ್ತೀನಿ.”

ಹೇಳಿ ಸುಮ್ಮನೆ ಕೂತೆ. ವ್ಯಾಪಾರದಲ್ಲಿ ದರ ಹೇಳಿದ ಮೇಲೆ ಮತ್ತೆ ಬಾಯಿ ತೆರೆದವರು ಸೋಲುತ್ತಾರೆ. ಹಿರಿಯರು ಅಧಿಕಾರಿಯ ಮುಖ ನೋಡಿದರು. ಅಧಿಕಾರಿ ನನ್ನ ಜಾತಿ ಪ್ರಮಾಣಪತ್ರ ನೋಡಿದರು.

“ನಿಯಮದಾಗ ಭಾಷಾದ ಮಾತಿಲ್ಲರಿ,” ಎಂದು ಮೆಲ್ಲಗೆ ಹೇಳಿದರು.

“ಇಕಿ ಬಾಯಿ ಭಾಳ ಜೋರೈತಿ,” ಎಂದರು ಹಿರಿಯರು.

“ಮಷಿನ್ ಕೊಡ್ರಿ. ಅದರ ಸಪ್ಪಳದಾಗ ನನ್ನ ಬಾಯಿ ಕೇಳಂಗಿಲ್ಲ.”

ಅಧಿಕಾರಿ ನಗು ನುಂಗಿಕೊಂಡು ಮಂಜೂರು ಎಂದು ಬರೆದರು.

ಹೊರಗೆ ಹನುಮಸಾಗರದ ಹೆಣ್ಣುಮಗಳೊಬ್ಬಳು, ಅವಳೂ ಪಿಂಜಾರರವಳೇ, ತನ್ನ ಸರದಿ ಬರುವ ಮೊದಲೇ ಚೀಲ ಎತ್ತಿಕೊಂಡು ಊರಿಗೆ ಹೊರಟಿದ್ದಳು. ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದಳು.

“ನನಗ ನಿನ್ನಂಗ ಮಾತು ಬರಂಗಿಲ್ಲಕ್ಕ.”

“ಮಾತು ಬ್ಯಾಡ. ಆಗಂಗಿಲ್ಲ ಅಂದ್ರ, ಕಾರಣ ಬರದು ಕೊಡ್ರಿ ಅನ್ನು. ಅಷ್ಟಂದು ಸುಮ್ನ ಕುಂದ್ರು.”

ಜವಾನ ಅವಳ ಹೆಸರು ಕೂಗಿದ. ಚೀಲ ನನ್ನ ಕೈಗಿಟ್ಟು ಒಳಗೆ ಹೋದಳು. ಬಾಗಿಲು ಮುಚ್ಚಲು ಬಂದ ಜವಾನನಿಗೆ, “ಸೆಕಿ ಭಾಳ ಐತಿ, ತೆರದ ಇರಲಿ,” ಎಂದು ಹೇಳಿ, ಹಿರಿಯರಿಗೆ ಕಾಣುವ ಹಾಗೆ ಹೊಸ್ತಿಲಲ್ಲಿ ನಿಂತೆ.