ಸಾಫ್ತಾಳ ಹನ್ನೆರಡು ತಟ್ಟೆಗಳು

ಪಿಂಚಣಿ ಬಂದ ದಿನ ಸಾಫ್ತಾ ಔಷಧಿಗೆ, ಸೌದೆಗೆ, ಕರೆಂಟಿಗೆ ಎತ್ತಿಟ್ಟು, ಉಳಿದದ್ದನ್ನು ನಾಲ್ಕು ಪಾಲು ಮಾಡಿ ಅಡುಗೆಮನೆಯ ಕಪಾಟಿನ ನಾಲ್ಕು ಲೋಟಗಳಲ್ಲಿ ಹಾಕಿಡುತ್ತಿದ್ದಳು. ವಾರಕ್ಕೊಂದು ಲೋಟ. ಪ್ರತಿ ಶುಕ್ರವಾರ ಮೋತ್ರು ಹೊಳೆಯಾಚೆ ಸಂತೆ. ತಿಂಗಳಿಗೆ ಐದು ಶುಕ್ರವಾರ ಬಿದ್ದರೆ ಅವಳಿಗೆ ಕ್ಯಾಲೆಂಡರಿನ ಮೇಲೇ ಮುನಿಸು. ಐದನೆಯ ವಾರಕ್ಕೆ ಲೋಟವಿರಲಿಲ್ಲ. ಆ ವಾರ ಮೆಕ್ಕೆಜೋಳದ ಮುದ್ದೆ, ಬೀನ್ಸ್ ಕಾಳಿನ ಸಾರು, ಮತ್ತೆ ಮುದ್ದೆ.

ಮದುವೆಯಾದಂದಿನಿಂದ ಹೀಗೇ ನಡೆಸಿಕೊಂಡು ಬಂದಿದ್ದಳು. ಗಂಡ ಗೆರಾಸಿಮ್ ಕಲ್ಲಿದ್ದಲ ಗಣಿಗೆ ಇಳಿಯುತ್ತಿದ್ದ ಕಾಲದಲ್ಲಿ ಲೋಟಗಳು ತುಂಬಿರುತ್ತಿದ್ದವು. ಅವನಿದ್ದ ಗಣಿ ಮುಚ್ಚಿತು. ಆಮೇಲೆ ಅವನ ಎದೆಯೂ ಒಂದೊಂದೇ ಬಾಗಿಲು ಮುಚ್ಚಿಕೊಳ್ಳತೊಡಗಿತು. ಮಂಚದಿಂದ ಒಲೆಯ ಪಕ್ಕದ ಕುರ್ಚಿಗೆ ಬರುವಷ್ಟರಲ್ಲಿ ಎರಡು ಸಲ ನಿಲ್ಲುತ್ತಿದ್ದ. ಈಸ್ಟರ್ ಕಳೆದ ಮೇಲೆ ಡಾಕ್ಟರು ಸಾಫ್ತಾಳನ್ನು ಹೊರಗೆ ಕರೆದು, "ಚೆನ್ನಾಗಿ ಊಟ ಹಾಕಮ್ಮ, ಇನ್ನು ಅದೇ ಔಷಧಿ," ಎಂದಿದ್ದರು. ಅದರ ಅರ್ಥ ಅವಳಿಗಾಯಿತು.

ಇಲ್ಲಿ ಕೊಟ್ಟದ್ದು ಅಲ್ಲಿ ಸಿಗುತ್ತದೆ ಎಂದು ಅವರ ಕಡೆಯವರ ನಂಬಿಕೆ. ಹೋದವರ ಹೆಸರು ಹೇಳಿ ನೆರೆಹೊರೆಗೆ ಉಣ್ಣಲಿಕ್ಕಿ, ತಟ್ಟೆ, ಲೋಟ, ಚಮಚಗಳನ್ನು ಕೊಟ್ಟು ಕಳಿಸಿದರೆ, ಹೋದವರು ಅಲ್ಲಿ ತಟ್ಟೆಯಲ್ಲಿಟ್ಟುಕೊಂಡು ಉಣ್ಣುತ್ತಾರೆ. ಕೊಡುವವರಿಲ್ಲದಿದ್ದರೆ ಬೊಗಸೆ ಒಡ್ಡಿ ನಿಲ್ಲಬೇಕು. ಗೆರಾಸಿಮ್ ಹೋದರೆ ಕೊಡಲು ತಾನಿದ್ದೇನೆ. ತನಗೆ ಯಾರು? ಮಕ್ಕಳಾಗಿರಲಿಲ್ಲ. ಅಂಥವರು ಉಸಿರಿರುವಾಗಲೇ ತಮ್ಮ ತಿಥಿಯನ್ನು ತಾವೇ ಮಾಡಿಕೊಂಡುಬಿಡುವುದುಂಟು. ಸಾಫ್ತಾ ಅದನ್ನೇ ಯೋಚಿಸಿದಳು. ಆ ವಾರದಿಂದ ಲೋಟದ ದುಡ್ಡಿನಲ್ಲಿ ಒಂದಿಷ್ಟು ಕಡಿಮೆ ತಿಂದು, ಎರಡು ವಾರಕ್ಕೊಮ್ಮೆ ಹೂವಿನಂಚಿನ ಒಂದು ತಟ್ಟೆ, ಒಂದು ಲೋಟ, ಒಂದು ಚಮಚ ತಂದು ಒಳಕೋಣೆಯ ಮರದ ಪೆಟ್ಟಿಗೆಯಲ್ಲಿ ಇಡತೊಡಗಿದಳು. ಗಂಡನ ಪಾಲಿನಲ್ಲಿ ಚೂರೂ ಕಡಿಮೆ ಮಾಡಲಿಲ್ಲ. ಅವನಿಗೆ ಕೋಳಿಯ ಸಾರು, ಮೊಟ್ಟೆ, ಕುರಿಹಾಲಿನ ಚೀಸ್. ತನಗೆ ಉಪವಾಸ: ಮಾಂಸ, ಮೊಟ್ಟೆ, ಹಾಲು, ಚೀಸ್ ಇಲ್ಲದ ಊಟ. ಅದಕ್ಕೆ ಕಾರಣ ಹುಡುಕಬೇಕಾಗಿರಲಿಲ್ಲ. ಬುಧವಾರ, ಶುಕ್ರವಾರ ಎಲ್ಲರಿಗೂ ಇದ್ದದ್ದೇ. ಅವಳು ಸೋಮವಾರವನ್ನೂ ಸೇರಿಸಿದಳು. ಆಮೇಲೆ ಮಿಕ್ಕ ದಿನಗಳೂ ಹೆಸರಿಲ್ಲದೆ ಸೇರಿಕೊಂಡವು.

"ಏನು ಸಾಫ್ತಕ್ಕ, ಮತ್ತೆ ಕಾಲು ಕೆಜಿನಾ ಚೀಸು?" ಪಕ್ಕದ ಮನೆಯ ಅನೀಕಾ ಸಂತೆಯಲ್ಲಿ ಚೀಲದೊಳಗೆ ಇಣುಕಿದಳು. "ದಿನಾ ಉಪವಾಸ ಅಂತೀಯ. ಇನ್ನು ಮಠ ಸೇರೋದೊಂದೇ ಬಾಕಿ."

"ಸೇರ್ತಿದ್ದೆ. ಗೆರಾಸಿಮ್‌ನ ಒಳಗೆ ಬಿಡಲ್ವಲ್ಲ."

"ಬಿಟ್ರೆ ಆ ಸನ್ಯಾಸಿನಿಯರ ಗತಿ ಏನು ಹೇಳು."

ಇಬ್ಬರೂ ನಕ್ಕರು. ಸಾಫ್ತಾ ಚೀಲದ ಬಾಯಿ ಮುಚ್ಚಿಕೊಂಡಳು. ಅಡಿಯಲ್ಲಿ ಪೇಪರಿನಲ್ಲಿ ಸುತ್ತಿದ ತಟ್ಟೆಯಿತ್ತು.

ಆಗಸ್ಟಿನಲ್ಲಿ ಗೆರಾಸಿಮ್ ಊಟ ಬಿಡತೊಡಗಿದ. ಮೊದಲು ಒಂದು ತುತ್ತು, ಆಮೇಲೆ ಅರ್ಧ. ಸಾಕು, ಹೊಟ್ಟೆ ತುಂಬಿತು ಅನ್ನುತ್ತಿದ್ದ. "ನಾಳೆಗಿಡು" ಎಂದು ತಟ್ಟೆ ಸರಿಸುತ್ತಿದ್ದ. ಸಾಫ್ತಾ ಅದನ್ನೇ ಮರುದಿನ ಬಿಸಿಮಾಡಿ ಇಡುತ್ತಿದ್ದಳು. ಅದರಲ್ಲೂ ಅರ್ಧ ಉಳಿಯುತ್ತಿತ್ತು. ಡಾಕ್ಟರು ಹೇಳದೆ ಹೇಳಿದ ದಿನ ಹತ್ತಿರ ಬಂತೆಂದು ಅವಳು ತಿಳಿದಳು.

ಅಕ್ಟೋಬರಿನ ಮೊದಲ ಶುಕ್ರವಾರ ಸಂತೆಯಿಂದ ಬಂದಾಗ ಅವನು ಕುರ್ಚಿಯಲ್ಲಿ ಕೂತಿದ್ದ.

"ಎಷ್ಟನೇದು ಅದು?"

"ಯಾವುದು?"

"ತಟ್ಟೆ. ಪೆಟ್ಟಿಗೇಲಿ ಹನ್ನೊಂದಿದೆ. ಆಗಸ್ಟಲ್ಲಿ ಕಾಲುಚೀಲ ಹುಡುಕೋಕೆ ಹೋದಾಗ ಎಂಟಿತ್ತು."

ಸಾಫ್ತಾ ಚೀಲವನ್ನು ಮೇಜಿನ ಮೇಲಿಟ್ಟಳು.

"ಹೆದರ್ಕೋಬೇಡ, ನಂಗೇನೂ ಬೇಜಾರಿಲ್ಲ," ಎಂದ ಗೆರಾಸಿಮ್, ಮಾತಿನ ನಡುವೆ ಉಸಿರೆಳೆದುಕೊಳ್ಳುತ್ತ. "ನನ್ನ ತಿಥಿಗೆ ಮುಂಚೇನೇ ತಂದಿಟ್ಟಿದೀಯ, ಒಳ್ಳೇದೇ ಆಯ್ತು. ಆ ದಿನವೇ ಓಡಿದ್ರೆ ದುಪ್ಪಟ್ಟು ಕೀಳ್ತಾರೆ ಸಂತೇಲಿ."

ಅವು ನನ್ನವು ಎನ್ನಬೇಕೆಂದು ಅವಳ ಬಾಯಿಗೆ ಬಂತು. ಹಾಗಂದರೆ ಯಾಕೆ ಎಂದು ಕೇಳುತ್ತಾನೆ. ನೀನು ಮೊದಲು ಹೋಗುತ್ತೀಯಲ್ಲ, ನನಗೆ ಕೊಡುವವರು ಯಾರೂ ಉಳಿಯುವುದಿಲ್ಲ ಎನ್ನಬೇಕಾಗುತ್ತದೆ. ಅವನ ಮುಖದಲ್ಲಿ ಬಹಳ ದಿನಗಳ ಮೇಲೆ ಒಂದು ನೆಮ್ಮದಿಯಿತ್ತು, ತನ್ನ ಪಾಲಿನದು ಸಿದ್ಧವಾಗಿದೆ ಎನ್ನುವ ನೆಮ್ಮದಿ.

"ಹನ್ನೆರಡನೇದು," ಎಂದಳು.

"ಹಾಗಾದ್ರೆ ಈಗ್ಲೇ ಮಾಡ್ಬಿಡೋಣ್ವಾ? ನನ್ನ ಕೈಯಾರೆ ಕೊಟ್ಟು ಹೋಗ್ತೀನಿ."

"ಆಗ್ಲಿ ಮಾರಾಯ," ಎಂದಳು ಸಾಫ್ತಾ.

ಅಕ್ಟೋಬರಿನ ಕೊನೆಗೆ ಬರುವ ಸಂತ ದಿಮಿತ್ರಿಯ ಹಬ್ಬದ ಹಿಂದಿನ ಶನಿವಾರಕ್ಕೆ ಗೊತ್ತುಮಾಡಿದರು. ಎರಡು ವಾರಗಳ ಲೋಟ ಒಟ್ಟಿಗೇ ಬರಿದಾಯಿತು. ಬೀನ್ಸ್ ಕಾಳು, ಹುಳಿ ಕೋಸಿನೆಲೆಯಲ್ಲಿ ಸುತ್ತಿದ ಮಾಂಸ ಮತ್ತು ಅಕ್ಕಿ, ಬ್ರೆಡ್ಡು, ಬೇಯಿಸಿದ ಸಿಹಿ ಗೋಧಿ. ಪಾದ್ರಿ ಬಂದು ಧೂಪ ಹಾಕಿ ಹೋದರು. ಗೆರಾಸಿಮ್ ಮದುವೆಮನೆಗಳಿಗೆ ಹಾಕಿಕೊಳ್ಳುತ್ತಿದ್ದ ಕೋಟು ಹಾಕಿಕೊಂಡು ಕುರ್ಚಿಯಲ್ಲಿ ಕೂತ. ಒಂದೊಂದು ತಟ್ಟೆಯನ್ನೂ ಎರಡೂ ಕೈಯಲ್ಲಿ ಹಿಡಿದು, "ಇದು ಗೆರಾಸಿಮ್‌ಗೆ ಸಲ್ಲಲಿ," ಎಂದು ತಾನೇ ಹೇಳಿ ಕೊಡುತ್ತಿದ್ದ. ತೆಗೆದುಕೊಂಡವರು "ಬೊಗ್ದಪ್ರೋಸ್ತೆ", ದೇವರು ಮನ್ನಿಸಲಿ, ಎಂದು ಹರಸುತ್ತಿದ್ದರು. ಎಂಟು ತಟ್ಟೆ ಹೋದವು. ಸಾಫ್ತಾ ಬಾಗಿಲಲ್ಲಿ ಸೌಟು ಹಿಡಿದು ನಿಂತು, ಒಂದೊಂದೂ ಹೊಸ್ತಿಲು ದಾಟುವುದನ್ನು ನೋಡುತ್ತಿದ್ದಳು.

ಒಂಬತ್ತನೆಯದನ್ನು ತರಲು ಒಳಗೆ ಹೋದ ಅನೀಕಾ ಪೆಟ್ಟಿಗೆಯ ತಳಕ್ಕೆ ಕೈಹಾಕಿದಳು. ಹೊರಗೆ ಬಂದಾಗ ಅವಳ ಕೈಯಲ್ಲಿ ಕಪ್ಪು ತಲೆವಸ್ತ್ರವೂ ಹೆಂಗಸರ ಒಂದು ಜೊತೆ ಚಪ್ಪಲಿಯೂ ಇದ್ದವು. ತಿಥಿಯಲ್ಲಿ ಬಟ್ಟೆಯನ್ನೂ ಕೊಡಬೇಕು. ಗಂಡಸಿಗೆ ಗಂಡಸಿನದು, ಹೆಂಗಸಿಗೆ ಹೆಂಗಸಿನದು.

"ಇದೇನು ಗೆರಾಸಿಮ್ ಭಾವ, ಅಲ್ಲಿ ಹೋಗಿ ಇದನ್ನ ಕಟ್ಕೊಂಡು ಓಡಾಡ್ತೀಯಾ?"

ಎಲ್ಲರೂ ನಕ್ಕರು. ಗೆರಾಸಿಮ್ ನಗಲಿಲ್ಲ. ತಲೆವಸ್ತ್ರವನ್ನು ನೋಡಿದ, ಚಪ್ಪಲಿಯ ಅಳತೆಯನ್ನು ನೋಡಿದ, ಬಾಗಿಲಲ್ಲಿದ್ದ ಹೆಂಡತಿಯನ್ನು ನೋಡಿದ. ಸಾಫ್ತಾ ತಲೆ ತಗ್ಗಿಸಿದಳು. ಅವನು ತುಸು ಹೊತ್ತು ಉಸಿರಿಗಾಗಿ ಕಾದ.

"ಇಲ್ಲಿ ಬಾ ಅನೀಕಾ. ಇವೆರಡೂ ನಿನಗೆ. ಸಾಫ್ತಾಗೆ ಸಲ್ಲಲಿ."

ಉಳಿದ ನಾಲ್ಕು ತಟ್ಟೆಗಳನ್ನೂ ಅವನು ಅವಳ ಹೆಸರಿನಲ್ಲೇ ಕೊಟ್ಟ. ಕೊನೆಯದರ ಹೊತ್ತಿಗೆ ದನಿ ಹೊರಡದೆ, ತುಟಿಯಷ್ಟೇ ಅಲುಗಿತು.

ಎಲ್ಲರೂ ಹೋದ ಮೇಲೆ ಸಾಫ್ತಾ ಅವನ ಕೋಟು ಬಿಚ್ಚುತ್ತಿದ್ದಾಗ ಹೇಳಿದ: "ಒಂದು ಮಾತು ಹೇಳ್ಬಾರ್ದಿತ್ತಾ?"

"ಹೇಗೆ ಹೇಳ್ಲಿ."

"ನೀನು ಚೀಸ್ ಬಿಟ್ಟಿದ್ದು ನಂಗೆ ಕಾಣಿಸ್ತಿತ್ತು ಕಣೆ. ನನ್ನ ತಟ್ಟೆಗೋಸ್ಕರ ಇವಳು ಉಪವಾಸ ಬೀಳ್ತಾಳಲ್ಲ, ನಾನೂ ಅರ್ಧ ಬಿಟ್ರೆ ದುಡ್ಡು ಉಳಿದು ಬೇಗ ಕೂಡತ್ತೆ ಅಂತ..."

ಸಾಫ್ತಾ ಮನಸ್ಸಿನಲ್ಲೇ ಎಣಿಸಿದಳು. ಆಗಸ್ಟು, ಸೆಪ್ಟೆಂಬರು, ಅಕ್ಟೋಬರು. ದಿನಕ್ಕೆ ಅರ್ಧ ತಟ್ಟೆ.

"ಹಸಿವಿತ್ತಾ ನಿಂಗೆ?"

"ಮೊದಮೊದಲು ಇತ್ತು," ಎಂದ.

ಪಿಂಚಣಿ ಬಂದ ಮೇಲಿನ ಶುಕ್ರವಾರ ಅವಳು ಆ ವಾರದ ಲೋಟದಲ್ಲಿದ್ದಷ್ಟನ್ನೂ ತೆಗೆದುಕೊಂಡು ಸಂತೆಗೆ ಹೋದಳು. ಕೊಳ್ಳಬೇಕಾದ ತಟ್ಟೆಯಿರಲಿಲ್ಲ. ಈಸ್ಟರಿನಿಂದೀಚೆಗೆ ಮೊದಲ ಸಲ ಒಂದು ಕೆಜಿ ಚೀಸ್ ತೂಗಿಸಿದಳು, ಒಳ್ಳೆಯ ಕೋಳಿಯೊಂದನ್ನು ಆರಿಸಿದಳು. ಮನೆಗೆ ಬಂದವಳೇ ಬಿಸಿ ಮುದ್ದೆಯ ಮೇಲೆ ಚೀಸ್ ಪುಡಿಮಾಡಿ ಅವನ ಮುಂದಿಟ್ಟಳು. ಗೆರಾಸಿಮ್ ಒಂದು ತುತ್ತು ಬಾಯಿಗಿಟ್ಟುಕೊಂಡ. ಬಹಳ ಹೊತ್ತು ಅಲ್ಲೇ ಇಟ್ಟುಕೊಂಡಿದ್ದ. ಎರಡು ಸಲ ನುಂಗಲು ನೋಡಿದ, ಇಳಿಯಲಿಲ್ಲ. ಕೊನೆಗೆ ಅವಳು ಅಂಗೈ ಒಡ್ಡಿದಳು. ಅವನು ಮಗುವಿನಂತೆ ಅದರಲ್ಲಿ ಉಗುಳಿದ.

"ಉಪ್ಪು ಸರಿಯಾಗಿದೆ," ಎಂದ. ಆಮೇಲೆ ತಟ್ಟೆಯನ್ನು ಅವಳ ಕಡೆ ಸರಿಸಿದ. "ತಿನ್ನು."

"ಇವತ್ತು ಶುಕ್ರವಾರ."

"ತಿನ್ನು. ದೇವರಿಗೆ ನಾನು ಹೇಳ್ತೀನಿ, ಹೇಗೂ ಮೊದಲು ಹೋಗೋನು ನಾನು."

ಸಾಫ್ತಾ ಅವನ ಎದುರಿಗೆ ಕೂತಳು. ಅವನು ನೋಡುತ್ತಿದ್ದ ಹಾಗೇ ಒಂದೊಂದೇ ತುತ್ತಾಗಿ ತಟ್ಟೆಯಲ್ಲಿದ್ದದ್ದನ್ನು ತಿಂದು ಮುಗಿಸಿದಳು.